ಜಯಮ್ಮನ ಹಸುಗೆ ಎರಡು ಗ್ರೂಪು

ನೀವು ನಂಬಾಕಿಲ್ಲ. ಬೇಕಾದ್ರೆ ಬರ್ದು ಕೊಡ್ತೀನಿ, ನಂಬಾಕಿಲ್ಲ. ಮದ್ದೂರಲ್ಲಿ ನಮ್ ಕಾಲೇಜ್ ಹುಡ್ಗೀರಿಗೆ ಯೋಳಿದ್ಕೆ "ಬುಡೇ ಸಿಂಚನಾ, ರೀಲು ಬುಡ್ಬ್ಯಾಡ" ಅಂತ ನನ್ ಡಬ್ಬಿಲಿದ್ದ ಚಿತ್ರಾನ್ನನೂ ತಿಂದು ಎದ್ದೋದ್ರು. ಆದ್ರೂ ಯೋಳ್ತೀನಿ. ಎಂಟ್ನೇ ಕ್ಲಾಸಲ್ಲೇ ಒಂದು ಇಡೀ ತಾಲ್ಲೂಕು ಪಂಚಾಯ್ತಿ ಕ್ಷೇತ್ರನ ಲಂಗದ ಜೇಬಲ್ಲಿ ಇಟ್ಕಂಡು ಓಡಾಡಿದೋಳು ನಾನು.

ಮೊನ್ನೆ ಬೆಳಿಗ್ಗೆ ಡೇರಿ ಮುಂದ್ಲ ಚರಂಡಿಗೆ ಬ್ಲೀಚಿಂಗ್ ಪೌಡರ್ ಸುರ್ದಿದ್ರು. ಕ್ಯಾನು ತೊಳ್ದ ಹಾಲು-ನೀರು ಒಂದು ವಾಸ್ನೆ, ಪಕ್ಕದಲ್ಲಿ ಫೀಡ್ ಮೂಟೆ ಇನ್ನೊಂದು ವಾಸ್ನೆ, ಅದ್ರ ಮೇಲೆ ಈ ಬ್ಲೀಚಿಂಗು. ಮೂರೂ ಸೇರಿ ಮೂಗಿಗೆ ಹೊಡ್ದೇಟ್ಗೆ ನಂಗೆ ಎರಡ್ನೇ ಲಾಕ್‌ಡೌನ್ ಎದ್ರುಗೇ ಬಂದು ನಿಂತ್ಕತು. ಮಾಸ್ಕು, ಕಷಾಯ, ಗೌರಿ, ನಾನು. ಎಲ್ಲಕ್ಕಿಂತ ಮುಂದೆ ನಾನು.

ಅದು ಮೇ ತಿಂಗಳು. ಪರೀಕ್ಷೆನೇ ಇಲ್ದೆ ನಮ್ಮನ್ನ ಪಾಸ್ ಮಾಡಿದ್ರು. ಇಡೀ ರಾಜ್ಯಕ್ಕೇ ಫಸ್ಟ್ ಬಂದಿದ್ದೀನಿ ಅಂತ ನಾನು ಯೋಳ್ಕಂಡು ತಿರುಗ್ತಿದ್ದೆ, ಬೇರೆ ಯಾರೂ ಬರೆದೇ ಇರ್ನಿಲ್ವಲ್ಲ. ಮಧ್ಯಾಹ್ನ ಉರಿಬಿಸ್ಲು, ಸಂಜೆಯಾದ್ರೆ ಧೂಳೆಬ್ಬಿಸಿ ಗುಡುಗಿ ನಾಕು ಹನಿ. ನಮ್ಮೂರು ಕೊಕ್ಕರೆ ಬೆಳ್ಳೂರಿಂದ ಒಂದು ಕೂಗಳತೆ ದೂರ. ಕೊಕ್ಕರೆಗಳು ಮಾಸ್ಕಿಲ್ದೆ ನಮ್ ತಲೆ ಮೇಲೇ ಹಾರಾಡ್ಕಂಡು ಹುಣಸೆ ಮರದಲ್ಲಿ ಮರಿಗಳ್ಗೆ ಮೀನು ತಿನ್ನಿಸ್ತಿದ್ವು. ನಾವು ಮೂಗು ಬಾಯಿ ಮುಚ್ಕಂಡು ಕೆಳಗೆ ನಿಂತು ನೋಡ್ತಿದ್ವಿ.

ಬಸ್ಸಿಲ್ಲ, ಅಂಗಡಿ ಅರ್ಧ ಬಾಗ್ಲು, ಮದ್ವೆಗಳಿಗೆ ಊಟಾನೇ ಇಲ್ಲ. ತೆಗ್ದಿದ್ದದ್ದು ಹಾಲಿನ ಡೇರಿ ಒಂದೇ. ಹಸುಗೆ ಲಾಕ್‌ಡೌನು ಅಂತ ತಿಳಿಸಿ ಯೋಳಾಕಾಯ್ತದಾ? ಬೆಳಿಗ್ಗೆ ಸಂಜೆ ಹೆಂಗಸ್ರೆಲ್ಲ ಸುಣ್ಣದಲ್ಲಿ ಬರ್ದಿದ್ದ ವೃತ್ತದೊಳಗೆ ಕ್ಯಾನಿಟ್ಕಂಡು ನಿಂತ್ಕತಿದ್ರು. ಕಾಲು ವೃತ್ತದೊಳಗೆ, ಕತ್ತು ಮಾತ್ರ ಪಕ್ಕದವ್ಳ ವೃತ್ತದಲ್ಲಿ. ಊರಿನ ಸುದ್ದಿ ಬದುಕಿದ್ದೇ ಅಲ್ಲಿ.

ನಮ್ಮವ್ವ ಆ ಮಹಿಳಾ ಡೇರಿ ಸೆಕ್ರೆಟರಿ. ಹಾಲಿಗೆ ಡಿಗ್ರಿ ಕಡ್ಡಿ ಬುಟ್ಟು ಒಂದ್ಸಲ ಅದ ನೋಡ್ತಾಳೆ, ಆಮೇಲೆ ತಂದೋಳ ಮುಖ ನೋಡ್ತಾಳೆ. ನೀರು ಬೆರೆಸಿದೋಳು ಅಲ್ಲೇ ಬೆವ್ತೋಯ್ತಾಳೆ. ಅವ್ವನ ಕೈಲಿರೋದು ಗುಂಡಿ ಫೋನು. ದೊಡ್ಡ ಫೋನು ನನ್ ಆನ್‌ಲೈನ್ ಕ್ಲಾಸಿಗೆ ಅಂತ ತಂದಿದ್ದು, ಡೇರಿ ವಾಟ್ಸಾಪ್ ಗ್ರೂಪೂ ಅದ್ರಲ್ಲೇ ಇತ್ತು. ಹಾಲಿನ ಗಾಡಿ ಯಾವಾಗ ಬತ್ತದೆ, ಫೀಡು ಯಾವಾಗ ಬತ್ತದೆ, ಇಷ್ಟೇ ಹಾಕ್ಬೇಕು ಅಂತ ಅವ್ವ ಕಟ್ಟುನಿಟ್ಟು ಮಾಡಿದ್ಲು. ಒಬ್ಳು ಗುಡ್ ಮಾರ್ನಿಂಗ್ ಗುಲಾಬಿ ಹಾಕಿದ್ಕೆ ಮಾರ್ನೇ ದಿನ ಲೈನಲ್ಲಿ ನಿಲ್ಸಿ, "ಗುಲಾಬಿಗೆ ಫ್ಯಾಟ್ ಎಷ್ಟು ಬತ್ತದವ್ವ?" ಅಂತ ಕೇಳಿದ್ಲು. ಅಡ್ಮಿನ್ ಮಾತ್ರ ನಾನು.

ಆ ವರ್ಸ ತಾಲ್ಲೂಕು ಪಂಚಾಯ್ತಿ ಎಲೆಕ್ಷನ್ ಬಂದೇಬುಡ್ತು ಅಂತ ಗಾಳಿ ಇತ್ತು. ನಾನಿದ ಬರೆಯೋ ಹೊತ್ಗೂ ಬಂದಿಲ್ಲ, ಅದು ಬ್ಯಾರೆ ವಿಚಾರ. ನಿಲ್ಬೇಕು ಅಂತಿದ್ದೋರು ಇಬ್ರು. ಒಬ್ರು ಕಿರಣಣ್ಣ, ಸೋಮನಹಳ್ಳಿ ಕಡೆ ಇಟ್ಟಿಗೆ ಫ್ಯಾಕ್ಟ್ರಿ ಇಟ್ಟಿರೋರು, ಇಸ್ತ್ರಿ ಮುರೀದ ಬಿಳಿ ಶರ್ಟು. ಅಕ್ಕಿ ಚೀಲ, ಕಷಾಯದ ಪೊಟ್ಣ, ಸ್ಯಾನಿಟೈಸರ್ ಬಾಟ್ಲು, ಎಲ್ಲದ್ರ ಮೇಲೂ ಅವ್ರ ಮುಖ. ಮಾಸ್ಕಿನ ಮೇಲೂ ಇತ್ತು. ನಮ್ಮಜ್ಜಿ ಅದ ಹಾಕ್ಕಂಡ್ರೆ ಮೇಲೆ ಅಜ್ಜಿ ಕಣ್ಣು, ಕೆಳಗೆ ಕಿರಣಣ್ಣನ ಮೀಸೆ. ನಮ್ ತಾತ ಒಂದು ವಾರ ಅಜ್ಜಿ ಪಕ್ಕ ಕುಂತ್ಕಳ್ನಿಲ್ಲ.

ಇನ್ನೊಬ್ರು ಹಳೇ ಮೆಂಬರ್ರು ಶಿವನಂಜಪ್ನೋರು. ಅವ್ರಿಗೆ ಟೈಪ್ ಮಾಡಾಕೆ ಬರಾಕಿಲ್ಲ, ಏನಿದ್ರೂ ವಾಯ್ಸ್ ಮೆಸೇಜು. ಪ್ರತಿಯೊಂದ್ರಲ್ಲೂ ಮೊದ್ಲು "ಅಲೋ, ಅಲೋ, ಕೇಳ್ತೈತಾ" ಅಂತ ಕಾಯೋರು, ಯಾರೋ ಆ ಕಡೆಯಿಂದ ಕೇಳ್ತೈತೆ ಅಂತಾರೇನೋ ಅನ್ನಂಗೆ.

ಇಬ್ರೂ ಜನ ಸೇರ್ಸೋಕೆ ಗ್ರೂಪ್ ಮೇಲೆ ಗ್ರೂಪ್ ಮಾಡಿದ್ರು. ಆಕ್ಸಿಜನ್ ಬೇಕಾದ್ರೆ ಒಂದು, ಕಿಟ್ ಬೇಕಾದ್ರೆ ಒಂದು, ಲಸಿಕೆ ಎಲ್ಲಿ ಹಾಕ್ತಾರೆ ಅಂತ ಒಂದು. ಊರಿನ ಗಂಡಸರನ್ನೆಲ್ಲ ಒಂದು ಮಾತೂ ಕೇಳ್ದೆ ಸೇರಿಸ್ಕಂಡ್ರು. ಗಂಡಸ್ರು ಸೇರ್ಕಂಡ್ರು, ಶಬ್ದ ಬಂದ್ ಮಾಡಿ ಮಲೀಕಂಡ್ರು. ಆ ಗ್ರೂಪಲ್ಲಿ ಕಿರಣಣ್ಣ ಹಾಕ್ತಾವ್ರೆ, ಕಿರಣಣ್ಣನ ಡ್ರೈವರ್ರು ಕೈ ಮುಗೀತಾವ್ನೆ, ಅಷ್ಟೇ. ಒಂದು ಸ್ಮಶಾನದಲ್ಲೂ ಇದಕ್ಕಿಂತ ಜಾಸ್ತಿ ಮಾತಿರ್ತದೆ.

ಹಿಂಗಿರೋವಾಗ ಪಕ್ಕದ ಮನೆ ಜಯಮ್ಮ ದೊಡ್ಡವ್ವಂಗೂ ಅವ್ರ ಯಜಮಾನ್ರಿಗೂ ಪಾಸಿಟಿವ್ ಬಂತು. ಮದ್ದೂರಲ್ಲಿ ಯಾವ್ದೋ ಹಾಸ್ಟೆಲ್ಲನ್ನ ಆಸ್ಪತ್ರೆ ಮಾಡಿದ್ರಲ್ಲ, ಅಲ್ಲಿಗೆ ಕರ್ಕಂಡೋಗಾಕೆ ವ್ಯಾನ್ ಬಂತು. ಇಡೀ ಬೀದಿ ಕಿಟಕೀಲಿ ನಿಂತು ಅಳ್ತಿತ್ತು. ದೊಡ್ಡವ್ವ ವ್ಯಾನಿನ ಮೆಟ್ಲು ಹತ್ತಿ ಹಿಂದುಕ್ಕೆ ತಿರುಗಿ ಒಂದೇ ಮಾತು ಕೇಳಿದ್ಲು.

"ಗೌರಿನ ಯಾರ್ರೇ ಕರೀತೀರಿ?"

ಗೌರಿ ಅವ್ರ ಸೀಮೆ ಹಸು. ಆ ಮನೆ ಒಲೆ ಉರೀತಿದ್ದದ್ದೇ ಅದ್ರ ಹಾಲಲ್ಲಿ. ದೊಡ್ಡವ್ವನ್ನ ಬುಟ್ಟು ಬ್ಯಾರೆ ಯಾರ ಕೈಗೂ ಅದು ಹಾಲು ಇಳಿಸ್ತಿರ್ನಿಲ್ಲ. ಹಸುನ ಕರೀದೆ ಬುಟ್ರೆ ಕೆಚ್ಚಲು ಕಲ್ಲಾಯ್ತದೆ, ಬಾವು ಬತ್ತದೆ, ಆಮೇಲೆ ಮೊಲೆಗಳು ಒಂದೊಂದೇ ಸತ್ತೋಯ್ತವೆ. ದೊಡ್ಡವ್ವ ವಾಪಸ್ ಬರೋಗಂಟ ಗೌರಿ ಕೆಚ್ಚಲು ಉಳೀಬೇಕು. ಅಷ್ಟೇ ವಿಷ್ಯ.

ಕೊಟ್ಗೆ ಮನೆಯಿಂದ ದೂರಕ್ಕಿತ್ತು, ಮಾಸ್ಕ್ ಹಾಕ್ಕಂಡು ಓಗ್ಬೋದು ಅಂತ ಆಶಾ ಕಾರ್ಯಕರ್ತೆ ಯೋಳಿದ್ಲು. ಅವತ್ತು ಸಂಜೆ ಊರಲ್ಲಿ ಕರಿಯೋದ್ರಲ್ಲಿ ಹೆಸ್ರು ಮಾಡಿದ್ದ ಹೆಂಗಸ್ರೆಲ್ಲ ಒಬ್ಬೊಬ್ರಾಗಿ ಕುಂತ್ರು, ಒಬ್ಬೊಬ್ರಾಗಿ ಎದ್ದು ಓಡಿದ್ರು. ರತ್ನಕ್ಕನ ಬಕೀಟಿಗೆ ಗೌರಿ ಒದ್ದ ಒದೆಗೆ ಅದು ಹಾರಿ ಹುಣಸೆ ಮರದಲ್ಲಿ ಕೊಕ್ಕರೆ ಗೂಡೊಳಗೆ ಓಗಿ ಕುಂತ್ಕತು. ಕೊಕ್ಕರೆ ಅದ್ರಲ್ಲೇ ಮೊಟ್ಟೆ ಇಕ್ತು ಅಂತ ನಾನು ಯೋಳ್ತೀನಿ, ಯಾರೂ ಒಪ್ಪಾಕಿಲ್ಲ.

ಆಗ ನನ್ ತಲೆ ಓಡ್ತು. ನಮ್ ಚಿಕ್ಕಪ್ಪನ ಮಗ ಮನೋಜ ಆ ಐಡಿಯಾ ತನ್ನದು ಅಂತಾನೆ, ನಂಬಬ್ಯಾಡಿ. ದೊಡ್ಡವ್ವ ಕರಿಯೋವಾಗ ಸುಮ್ನೆ ಕರೀತಿರ್ನಿಲ್ಲ, ಬೈಕಂಡು ಕರೀತಿದ್ಲು. ಬೈಗುಳ ಕೇಳಿದ್ರೇನೇ ಗೌರಿ ಇಳಿಸ್ತಿದ್ದದ್ದು. ಫೋನ್ ಮಾಡಿ ವಿಷ್ಯ ಯೋಳಿದೆ. ದೊಡ್ಡವ್ವ ಹಾಸ್ಟೆಲಲ್ಲಿ ಮಲೀಕಂಡೇ ಒಂದು ವಾಯ್ಸ್ ಮೆಸೇಜ್ ಬುಟ್ಲು. ಗೌರಿ ಕಿವಿ ಹತ್ರ ಹಿಡ್ದೆ.

"ಇಳ್ಸೇ ಮೂದೇವಿ. ಬೂಸ ತಿನ್ನೋವಾಗ ಇಲ್ದಿದ್ ನಾಚ್ಕೆ ಆಲು ಕೊಡೋವಾಗ ಎಲ್ಲಿಂದ ಬತ್ತದೆ ನಿಂಗೆ? ನಿಮ್ಮವ್ವನೂ ಇಂಗೇ ಆಡಿ ಆಡಿ ಓದ್ಲು. ಇಳ್ಸು ನನ್ ಚಿನ್ನ, ಇಳ್ಸು."

ಗೌರಿ ಕಿವಿ ನಿಗುರ್ತು. ಬಾಲ ನಿಂತೋಯ್ತು. ರತ್ನಕ್ಕ ಬ್ಯಾರೆ ಬಕೀಟು ಇಕ್ಕಿ ಕೈ ಹಾಕಿದ್ರೆ ನಲ್ಲಿ ತಿರುಗಿಸ್ದಂಗೆ ಬಂತು ಹಾಲು.

ಅಲ್ಲಿಂದ ಶುರು. ದಿನಕ್ಕೊಂದು ಮನೆ ಸೀಲ್‌ಡೌನ್ ಆಗ್ತಿತ್ತು, ಆ ಮನೆ ದನ ಕರಿಯಾಕೆ ಯಾರ ಸರದಿ ಅಂತ ನಾನು ಬ್ಯಾರೆ ಗ್ರೂಪ್ ಮಾಡ್ದೆ. ಹೆಂಗಸ್ರಿಗೆ ಟೈಪ್ ಮಾಡೋ ತಾಪತ್ರಯ ಇಲ್ಲ, ಎಲ್ಲಾ ವಾಯ್ಸು. ಅವ್ರವ್ರ ದನಕ್ಕೆ ಅವ್ರವ್ರ ದನಿ ಕಳಿಸೋರು. ಒಬ್ಬಳದು ಮುದ್ದು ಮಾಡೋ ದನಿ, ಒಬ್ಬಳದು ಸೋಬಾನೆ. ಒಬ್ಬಳ ಎಮ್ಮೆಗೆ ಮಾತೇ ಬ್ಯಾಡ, ಗಂಡ ಬೀಡಿ ಸೇದಿ ಕೆಮ್ಮೋದು ಕೇಳಿದ್ರೆ ಸಾಕು. ಆ ಕೆಮ್ಮಿನ ಮೆಸೇಜ್ ಗ್ರೂಪಿಗೆ ಬಂದ ದಿನ ಅರ್ಧ ಊರು ಫೋನಿಗೇ ಸ್ಯಾನಿಟೈಸರ್ ಹಾಕ್ತು.

ಆ ಹಾಲನ್ನ ಡೇರಿಗೆ ತಂದಾಗ ಲೈನಲ್ಲಿ ಗುಸುಗುಸು ಎದ್ದಿತ್ತು. ಸೀಲ್ ಆದ ಮನೆ ಹಾಲು ನಮ್ಮ ಹಾಲಿಗೆ ಸೇರಿಸ್ಬ್ಯಾಡಿ ಅಂತ. ಅವ್ವ ಏನೂ ವಾದ ಮಾಡ್ನಿಲ್ಲ. ಗೌರಿ ಹಾಲನ್ನ ಎಲ್ರೆದ್ರುಗೂ ಸ್ಟೌ ಮೇಲೆ ಕಾಸಿ ಕಾಫಿ ಮಾಡಿ ಕುಡಿದ್ಲು. ಲೋಟ ತೊಳೆದಿಟ್ಟು "ಮುಂದಿನೋರು ಬನ್ನಿ" ಅಂದ್ಲು. ಮುಗೀತು.

ಈ ಗ್ರೂಪಿನ ವಾಸ್ನೆ ಕಿರಣಣ್ಣಂಗೆ ಅದೆಂಗೆ ಹೊಡೀತೋ. ಒಂದು ದಿನ ಅವ್ರೇ ನಂಗೆ ಫೋನ್ ಮಾಡಿದ್ರು. ತಾಯಿ ಅಂದ್ರು, ಪುಟ್ಟಿ ಅಂದ್ರು, ಆಮೇಲೆ ವಿಷ್ಯಕ್ಕೆ ಬಂದ್ರು. ನನ್ ಗ್ರೂಪಲ್ಲಿರೋ ಗಂಡಸ್ರು ಸತ್ತಂಗೆ ಬಿದ್ದವ್ರೆ, ನಿನ್ ಗ್ರೂಪಲ್ಲಿ ಹೆಂಗಸ್ರು ಹಗಲೂ ರಾತ್ರಿ ಮಾತಾಡ್ತಾವ್ರೆ, ಅದಕ್ಕೆ "ಕಿರಣಣ್ಣ ಹಾಲು ಸೇವಾ ಬಳಗ" ಅಂತ ಹೆಸ್ರಿಟ್ಟು ನನ್ನೂ ಅಡ್ಮಿನ್ ಮಾಡು ಅಂದ್ರು.

ನಾನೇನು ಪುಕ್ಸಟ್ಟೆ ಗಿರಾಕಿನಾ? ನಮ್ ಕಡೆ ಬ್ಯಾನರ್ ನೋಡಿದ್ದೀರಲ್ಲ. ಮಧ್ಯದಲ್ಲಿ ನಾಯಕರು ಆಳೆತ್ರ, ಕೆಳಗೆ ಸಾಲಾಗಿ ಗುಂಡುಗುಂಡಾಗಿ ಅಭಿಮಾನಿಗಳ ಮುಖ. ಆ ಗುಂಡೊಳಗೆ ನನ್ ಮುಖ ಬರ್ಬೇಕು ಅಂದೆ. ಫ್ಲೆಕ್ಸ್ ಅಂಗಡಿ ಮುಚ್ಚಿತ್ತಲ್ಲ, ವಾಟ್ಸಾಪಲ್ಲೇ ಬ್ಯಾನರ್ ಮಾಡಿ ಕಳಿಸಿದ್ರು. ಕಡ್ಲೆಕಾಯಿ ಬೀಜದಷ್ಟು ನನ್ ಮುಖ. ದೊಡ್ಡದು ಮಾಡ್ಕಂಡು ನೋಡಿದ್ರೆ ಮೂಗು ಯಾವ್ದು ಕಣ್ಣು ಯಾವ್ದು ಗೊತ್ತಾಗ್ತಿರ್ನಿಲ್ಲ. ಆದ್ರೂ ನಾಕು ದಿನ ಅದೇ ಸ್ಟೇಟಸ್ಸು, ಗ್ರೂಪಿಗೂ ಅವ್ರು ಕೇಳಿದ ಹೆಸ್ರು.

ಶಿವನಂಜಪ್ನೋರು ಅದ ನೋಡಿ ವಾಯ್ಸ್ ಬುಟ್ರು. "ಅಲೋ, ಅಲೋ, ಕೇಳ್ತೈತಾ. ಮಗಾ, ನಿನ್ನ ಅವ್ನು ಕಡ್ಲೆಕಾಯಿ ಮಾಡವ್ನೆ. ನಾನು ಚಕ್ಲಿ ಸೈಜಿಗೆ ಆಕುಸ್ತೀನಿ, ನಂಗೂ ಒಂದು ಗ್ರೂಪ್ ಮಾಡ್ಕೊಡು."

ಮಾಡ್ಕೊಟ್ಟೆ. ಅದೇ ಡೇರಿ ನಂಬರ್‌ಗಳು, ಅದೇ ಹೆಂಗಸ್ರು. ಹೆಸ್ರು ಮಾತ್ರ ಬ್ಯಾರೆ, "ಶಿವನಂಜಪ್ಪನವರ ಗೋಸೇವಾ ಪಡೆ". ಕಿರಣಣ್ಣ ತನ್ನ ಗ್ರೂಪ್ ನೋಡಿ ಇಷ್ಟು ಜನ ಹೆಂಗಸ್ರು ನನ್ ಕಡೆ ಅಂತ ಮೀಸೆ ತಿರುವೋರು, ಶಿವನಂಜಪ್ನೋರು ತಮ್ಮ ಗ್ರೂಪ್ ನೋಡಿ ಹಂಗೇ ತಿರುವೋರು. ಹೆಂಗಸ್ರು ಬಲೇ ಜಾಣೇರು. "ನಮ್ಮ ಓಟು ನಿಮ್ಗೇ ಕಣಣ್ಣ" ಅಂತ ಒಂದೇ ವಾಯ್ಸ್ ಮಾಡಿ ಎರಡು ಕಡೆಗೂ ದಾಟಿಸ್ಬುಡೋರು.

ಮನೋಜಂಗೆ ಹೆದ್ರಿಕೆ. "ಎರಡ್ರಲ್ಲೂ ಅವ್ರೇ ಅವ್ರೆ ಕಣೆ, ಗೊತ್ತಾದ್ರೆ?"

"ಗೊತ್ತಾದ್ರೆ ಇಬ್ರೂ ಗೆದ್ದಂಗಾಯ್ತು ಬುಡ್ಲಾ," ಅಂದೆ.

ನಿಜ ಯೋಳ್ಬೇಕು ಅಂದ್ರೆ ಅದು ನನ್ ಜೀವನದ ಒಳ್ಳೇ ದಿನಗಳು. ಬೆಳಿಗ್ಗೆ ಎದ್ದು ಹಲ್ಲುಜ್ಜೋಕೆ ಮುಂಚೆ ಎರಡು ಗ್ರೂಪಿಗೂ ಸರದಿ ಹಾಕ್ತಿದ್ದೆ. ಬೀದೀಲಿ ಓದ್ರೆ ಅಜ್ಜಿಯರು ಜಗಲಿಯಿಂದ್ಲೇ "ಏನವ್ವ ಅಡ್ಮೀನು, ಇವತ್ತು ನಮ್ ಎಮ್ಮೆಗೆ ಯಾರು?" ಅಂತ ಕೇಳೋರು. ಯಾವ ಹಸುದೂ ಕೆಚ್ಚಲು ಕೆಡ್ನಿಲ್ಲ. ದೊಡ್ಡವ್ವ ಹುಷಾರಾಗ್ತಿದ್ಲು, ಬೈಗುಳ ದಿನಾ ದಿನಾ ಗಟ್ಟಿ ಆಗ್ತಿತ್ತು. ಮೊದ್ಲು ಒಂದೊಂದು ಬೈಗುಳಕ್ಕೂ ಉಸ್ರೆಳ್ಕತಿದ್ದೋಳು ಆಮೇಲೆ ಗೌರಿಯ ವಂಶನೆಲ್ಲ ಒಂದೇ ಉಸಿರಲ್ಲಿ ಬೈದು ಮುಗಿಸ್ತಿದ್ಲು. ಡಾಕ್ಟ್ರಿಗಿಂತ ಮುಂಚೆ ನಮ್ಗೆ ಗೊತ್ತಾಗ್ತಿತ್ತು ಅವ್ಳ ಎದೆ ಎಷ್ಟು ಸರಿಯಾಗೈತೆ ಅಂತ.

ಗೌರಿ ಹೆಸ್ರು ಮಂಡ್ಯ ಮಳವಳ್ಳಿ ತನಕ ಓಗಿತ್ತು, ಫೋನಿಗೆ ಹಾಲು ಕೊಡೋ ಹಸು ಅಂತ. ಇಬ್ರು ನಾಯಕರಿಗೂ ಅದ್ರ ಜೊತೆ ವಿಡಿಯೋ ಬೇಕಾಯ್ತು. ಅದೂ ತಾವೇ ಕೈಯ್ಯಾರೆ ಕರಿಯೋದು, ಲೈವಲ್ಲಿ. ಇಬ್ರೂ ಒಂದೇ ಭಾನುವಾರ ಸಂಜೆ ಕೇಳಿದ್ರು. ಒಬ್ರಿಗೆ ಆಗಲ್ಲ ಅಂದ್ರೆ ಚಕ್ಲಿ ಓಯ್ತದೆ, ಇನ್ನೊಬ್ರಿಗೆ ಆಗಲ್ಲ ಅಂದ್ರೆ ಕಡ್ಲೆಕಾಯಿ ಓಯ್ತದೆ. ಒಬ್ರು ಲೇಟಾಗಿ ಬತ್ತಾರೆ, ಒಬ್ರು ಬೇಗ ಬತ್ತಾರೆ, ನಾಯಕರಲ್ವಾ ಅಂದ್ಕಂಡು ಇಬ್ರಿಗೂ ಹೂಂ ಅಂದೆ. ಎರಡು ಗ್ರೂಪಲ್ಲೂ ಇವತ್ತು ಗೌರಿ ಸರದಿ ನಾಯಕರದ್ದು ಅಂತ ಹಾಕ್ದೆ. ಕರಿಯೋ ಹೆಂಗಸ್ರೆಲ್ಲ ನೆಮ್ಮದಿಯಾಗಿ ಮನೇಲುಳ್ಕಂಡ್ರು.

ಇಬ್ರೂ ಟೈಮಿಗೆ ಸರಿಯಾಗಿ ಬಂದ್ಬುಟ್ರು. ಜೀವಮಾನದಲ್ಲಿ ಮೊದಲ್ನೇ ಸಲ ಇರ್ಬೇಕು.

ಕಿರಣಣ್ಣ ತಲೆಯಿಂದ ಕಾಲ್ಗಂಟ ಬಿಳಿ ಪಿಪಿಇ ಕಿಟ್ಟು. ಗೌರಿಗೆ ಬಿಳಿ ಬಟ್ಟೆ ಅಂದ್ರೆ ಸೂಜಿ ಚುಚ್ಚೋ ದನದ ಡಾಕ್ಟ್ರು. ನೋಡಿದ್ ತಕ್ಷಣ ಗ್ವಾಡೆಗೆ ಒರಗ್ಕಂಡು ನಿಂತ್ಕತು. ಶಿವನಂಜಪ್ನೋರು ಪಂಚೆ ಎತ್ತಿಕಟ್ಟಿ, ಸೆಂಟು ಹಾಕ್ಕಂಡು ಇನ್ನೊಂದು ಕಡೆಯಿಂದ ಬಂದ್ರು. ಗೌರಿ ಮೂರು ಸಲ ಸೀನ್ತು. ಇಬ್ರ ಹಿಂದೆನೂ ಹುಡುಗ್ರು, ಎಲ್ರ ಕೈಲೂ ಎತ್ತಿ ಹಿಡಿದ ಫೋನು. ನಾನು ಮಧ್ಯದಲ್ಲಿ ನಿಂತು ಲೈವ್ ಶುರು ಮಾಡ್ದೆ. ದೊಡ್ಡವ್ವ ಹಾಸ್ಟೆಲಲ್ಲಿ ಪಕ್ಕದ ಮಂಚದೋರನ್ನೆಲ್ಲ ಸೇರಿಸ್ಕಂಡು ನೋಡ್ತಾ ಕುಂತಿದ್ಲು.

ನೀವು ಸಾರ್, ಇಲ್ಲ ನೀವಣ್ಣ ಅಂತ ಇಬ್ರೂ ಕ್ಯಾಮ್ರಾಗೆ ಮರ್ಯಾದೆ ತೋರಿಸ್ಕಂಡು ಒಬ್ರನ್ನೊಬ್ರು ಮೊಣಕೈಲಿ ತಿವೀತಿದ್ರು. ಯಾವ್ನೋ ಒಬ್ಬ ದೊಡ್ಡವ್ವನ ಬೈಗುಳ ಹಾಕ್ದ. ಆ ಕಡೆಯೋರು ಬುಟ್ಟಾರಾ, ಅವ್ರೂ ಹಾಕಿದ್ರು. ಎರಡು ಗ್ರೂಪಲ್ಲೂ ಅದೇ ಮೆಸೇಜು ಇತ್ತಲ್ಲ, ಒಂದಾದ ಮೇಲೊಂದು ಎಲ್ಲಾ ಫೋನಲ್ಲೂ ಶುರುವಾಯ್ತು. ಎಡಗಡೆಯಿಂದ ಮೂದೇವಿ, ಬಲಗಡೆಯಿಂದ ನನ್ ಚಿನ್ನ, ಹಿಂದಗಡೆಯಿಂದ ನಿಮ್ಮವ್ವ. ಒಂದು ಜಯಮ್ಮಂಗೆ ಕಾಯ್ತಿದ್ದ ಹಸುಗೆ ಕೊಟ್ಗೆ ತುಂಬಾ ಜಯಮ್ಮಂದಿರು. ಅದು ಸುತ್ತ ತಿರುಗಿ ತಿರುಗಿ ಹುಡುಕ್ತು, ಒಬ್ಳೂ ಕಾಣ್ನಿಲ್ಲ, ಅಂಬಾ ಅಂತ ಕೂಗ್ತು. ಅಂಗೆ ಅದು ಕೂಗಿದ್ದ ನಾನು ಕೇಳೇ ಇರ್ನಿಲ್ಲ.

ಕಿರಣಣ್ಣ ಗ್ಲೌಸು ಬಿಚ್ಚಿ ಕೂತು ಎಳೆದ್ರು, ಒಂದು ಹನಿ ಬರ್ನಿಲ್ಲ. ಶಿವನಂಜಪ್ನೋರು ಎಳೆದ್ರು, ಪಂಚೆ ಮೇಲೆ ಸಗಣಿ ಬಂತು. ಹೊತ್ತು ಓಯ್ತಾ ಓಯ್ತಾ ಕೆಚ್ಚಲು ಬಿಗಿದು ಹೊಳೆಯಾಕೆ ಶುರುವಾಯ್ತು. ಗೌರಿ ಒಂದು ಕಾಲು ಎತ್ತೆತ್ತಿ ಇಡ್ತಿತ್ತು. ಆದ್ರೂ ನಾನು ಲೈವ್ ನಿಲ್ಲಿಸ್ನಿಲ್ಲ, ನೋಡೋರು ಏರ್ತಾನೇ ಇದ್ರು. ದೊಡ್ಡವ್ವ ನಂಗೆ ಫೋನ್ ಮೇಲೆ ಫೋನ್ ಮಾಡ್ತಿದ್ಲು, ನಾನು ಕಟ್ ಮಾಡ್ತಿದ್ದೆ. ಕೊನೇಗೆ ಅವ್ಳು ಅವ್ವನ ಗುಂಡಿ ಫೋನಿಗೆ ಮಾಡಿದ್ಲು.

ಅವ್ವ ಬಂದ್ಲು. ಡೇರಿಯಿಂದ ಸೀದಾ, ಸೀರೆ ನೆರಿಗೆ ಎತ್ತಿ ಸಿಕ್ಕಿಸ್ಕಂಡು, ಕೈಲಿ ಇನ್ನೂ ಡಿಗ್ರಿ ಕಡ್ಡಿ. ಕೂಗಾಡ್ನಿಲ್ಲ. ಕೊಟ್ಗೆ ಬಾಗ್ಲಲ್ಲಿ ನಿಂತು ಇಬ್ರ ಮುಖನೂ ಒಂದೊಂದ್ಸಲ ನೋಡಿದ್ಲು, ನೀರು ಹಾಲು ನೋಡ್ತಾಳಲ್ಲ, ಅಂಗೆ.

"ಅಕ್ಕಾ, ಸೇವೆ ಮಾಡನಾ ಅಂತ..." ಅಂದ್ರು ಕಿರಣಣ್ಣ.

"ಸೇವೆ ಮಾಡೋರು ಉಗುರು ಕತ್ತರಿಸ್ಕಂಡು ಬತ್ತಾರೆ ಕಣಪ್ಪ. ಅದಕ್ಕೂ ನೋಯ್ತದೆ," ಅಂದ್ಲು ಅವ್ವ.

ಕಿರಣಣ್ಣ ಉಗುರು ನೋಡ್ಕಂಡೇ ಆಚೆಗೆ ನಡೆದ್ರು. ಶಿವನಂಜಪ್ನೋರು ನೋಡ್ಕಳೋಕೂ ಓಗ್ನಿಲ್ಲ, ಪಂಚೆ ಇಳಿಸಿ ಹೊರಟ್ರು. ಹುಡುಗ್ರು ಫೋನ್ ಜೇಬಿಗಾಕ್ಕಂಡು ಬೇಲಿ ಹಾರಿದ್ರು. ಮನೋಜ ಎಲ್ರಿಗಿಂತ ಮುಂಚೆ.

ಅವ್ವ ನನ್ ಕಡೆ ಕೈ ಚಾಚಿದ್ಲು. ಫೋನ್ ಕೊಟ್ಟೆ. ಲೈವ್ ನಿಲ್ಲಿಸಿದ್ಲು, ಅದ ನಿಲ್ಲಿಸೋದು ಅವ್ಳಿಗೆ ಯಾರು ಕಲಿಸಿದ್ರೋ. ಎರಡೂ ಗ್ರೂಪ್ ತೆಗ್ದು ನೋಡಿದ್ಲು.

"ಡೇರಿ ನಂಬರ್‌ಗಳಾ ಇವು?"

ಒಬ್ಬೊಬ್ರನ್ನೇ ತೆಗ್ದಾಕು ಅಂದ್ಲು, ನನ್ ಪಕ್ಕ ನಿಂತು ತೆಗೆಸಿದ್ಲು. ಮೊದ್ಲು ನಾಯಕರನ್ನ, ಆಮೇಲೆ ಅವ್ರ ಡ್ರೈವರ್‌ಗಳನ್ನ, ಆಮೇಲೆ ನಮ್ಮ ಹೆಂಗಸ್ರನ್ನ. ಕೊನೇಗೆ ಎರಡು ಗ್ರೂಪಲ್ಲೂ ನಾನೊಬ್ಳೇ ಉಳ್ಕಂಡೆ, ನಂಗೆ ನಾನೇ ಅಡ್ಮಿನ್ನು. ನನ್ನೂ ತೆಗೆಸಿದ್ಲು. ಆಮೇಲೆ ದೊಡ್ಡವ್ವಂಗೆ ಮಾಮೂಲಿ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ಗ್ವಾಡೆ ಗೂಡಲ್ಲಿಟ್ಲು. ಬಕೀಟನ್ನ ನನ್ ಮುಂದಕ್ಕೆ ತಳ್ಳಿದ್ಲು.

"ಕುಂತ್ಕೊ."

"ನಂಗೆ ಕರಿಯಾಕೆ ಬರಾಕಿಲ್ಲ ಕಣವ್ವ."

ಗೂಡಿಂದ ದೊಡ್ಡವ್ವ ನಕ್ಕ ಸದ್ದು ಬಂತು. ವ್ಯಾನ್ ಹತ್ತಿದ ಮೇಲೆ ಅವ್ಳು ನಕ್ಕಿದ್ದು ನಾನು ಕೇಳಿದ್ದು ಅದೇ ಮೊದ್ಲು. "ಊರಿನ ದನನೆಲ್ಲ ಕರ್ಸಿದೋಳು ನೀನೇ ಏನೇ? ಎಬ್ಬೆಟ್ಟು ಮಡ್ಚೇ ಮೂದೇವಿ. ಎಳೀಬ್ಯಾಡ, ಇಂಡು. ಗೌರೀ, ನೀನೂ ವಸಿ ಸುಧಾರಿಸ್ಕೊ, ಕೂಸು ಕಲೀತೈತೆ."

ಗೌರಿ ಕಿವಿ ನಿಗುರ್ತು. ಹೊರಗೆ ಹನಿ ಬೀಳಾಕೆ ಶುರುವಾಗಿತ್ತು. ಬೈಗುಳ ಅರ್ಧ ನಂಗೆ, ಅರ್ಧ ಹಸುಗೆ, ಯಾವ್ದು ಯಾರಿಗೆ ಅಂತ ಇಬ್ರಿಗೂ ಗೊತ್ತಾಗ್ತಿರ್ನಿಲ್ಲ. ಬೆರಳು ನೋಯ್ತಾ ಇತ್ತು. ಹಿಂಡ್ದೆ, ಇನ್ನೊಂದ್ಸಲ ಹಿಂಡ್ದೆ, ಬಕೀಟಿನ ತಳಕ್ಕೆ ಸೊರ್ ಅಂತ ಒಂದು ಧಾರೆ ಬಿತ್ತು.

ತಲೆ ಎತ್ತಿ ನೋಡ್ದೆ. ನೋಡಾಕೆ ಜನ ಇಲ್ಲ, ಎತ್ತಿ ಹಿಡಿದ ಫೋನ್ ಇಲ್ಲ, ಮನೋಜ ಸೈತ ಇಲ್ಲ. ಅವ್ವನೂ ಡೇರಿಗೆ ಓಗಾಕೆ ಆಗ್ಲೇ ಬೆನ್ನು ತಿರುಗಿಸಿದ್ಲು.